ಹಳೇ ಇಂಕ್ ಪೆನ್ ಶೋನಲ್ಲಿ ಯಾವುದನ್ನು ತಗೊಳ್ಳೋದು? ಮೊದಲು ಹೊಟ್ಟೆ ನೋಡಿ, ಆಮೇಲೆ ಮುಖ

ನಮ್ಮ ಗುಂಪು ಪೆನ್ ಶೋಗೆ, ಅಂದರೆ ಪೆನ್ನುಗಳ ಪ್ರದರ್ಶನ-ಮಾರಾಟಕ್ಕೆ, ಹೊರಡುವುದು ಯಾವಾಗಲೂ ಗಾಂಧಿಬಜಾರಿನಿಂದ. ಮೊದಲು ವಿದ್ಯಾರ್ಥಿ ಭವನದಲ್ಲಿ ದೋಸೆ, ಆಮೇಲೆ ಕೈ ತೊಳೆಯುವ ಕಾರ್ಯಕ್ರಮ. ಎರಡನೆಯದು ತಮಾಷೆಗೆ ಹೇಳುತ್ತಿಲ್ಲ. ತುಪ್ಪ ಅಂಟಿದ ಬೆರಳಲ್ಲಿ ಎಂಬತ್ತು ವರ್ಷದ ಸೆಲ್ಯುಲಾಯ್ಡ್ (ಹಳೇ ಕಾಲದ ಒಂದು ಪ್ಲಾಸ್ಟಿಕ್) ಪೆನ್ನು ಮುಟ್ಟಿದರೆ ಅದರ ಮಾಲೀಕರು ಬಾಯಲ್ಲಿ ಏನೂ ಹೇಳುವುದಿಲ್ಲ, ಕಣ್ಣಲ್ಲೇ ಎಲ್ಲಾ ಹೇಳಿಬಿಡುತ್ತಾರೆ. ಅದಕ್ಕೇ ನಮ್ಮ ಮೇಷ್ಟ್ರು ಜೇಬಿನಲ್ಲಿ ಸೋಪಿನ ತುಂಡು ಇಟ್ಟುಕೊಂಡೇ ಬರುತ್ತಾರೆ. ರಿಟೈರ್ ಆದ ಗಣಿತದ ಮೇಷ್ಟ್ರು, ಪೆನ್ನುಗಳನ್ನು ಎಣಿಸಿ ಹೇಳಿ ಅಂದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಕಳೆದ ಸಲ ನನ್ನ ತಂಗಿಯ ಮಗಳೂ ಜೊತೆಗೆ ಬಂದಿದ್ದಳು. ವೈಟ್‌ಫೀಲ್ಡಿನಲ್ಲಿ ಕೆಲಸ. ಇಡೀ ದಿನ ಕೀಬೋರ್ಡು ಕುಟ್ಟಿ ಬೇಜಾರಾಗಿ ರಾತ್ರಿ ಕನ್ನಡದಲ್ಲಿ ಡೈರಿ ಬರೆಯಲು ಶುರು ಮಾಡಿದ್ದಾಳೆ. ಅವಳ ಪ್ರಶ್ನೆ ನೇರವಾಗಿತ್ತು: "ಮಾವ, ನನ್ನ ಹತ್ತಿರ ಎಂಟು ಸಾವಿರ ಇದೆ. ಒಂದೇ ಒಂದು ಹಳೇ ಪೆನ್ನು ಬೇಕು. ದಿನಾ ಬರೆಯಬೇಕು. ಯಾವುದು?" ನಾವು ನಾಲ್ಕು ಜನ, ನಾಲ್ಕು ಉತ್ತರ. ದೋಸೆ ತಣ್ಣಗಾಗುವಷ್ಟು ಜಗಳ. ಆ ಜಗಳವನ್ನೇ ಸ್ವಲ್ಪ ಜೋಡಿಸಿ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಮೊದಲ ಸಲ ಶೋಗೆ ಹೋಗುವವರೆಲ್ಲ ಕೇಳುವುದು ಇದೇ ಪ್ರಶ್ನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಸರು, ಬಣ್ಣ, ಚಿನ್ನದ ನಿಬ್ಬು ಎಲ್ಲಾ ಆಮೇಲೆ. ಹಳೇ ಪೆನ್ನು ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅದು ಇಂಕನ್ನು ಹೇಗೆ ಕುಡಿಯುತ್ತದೆ, ಎಲ್ಲಿ ಇಟ್ಟುಕೊಳ್ಳುತ್ತದೆ ಅನ್ನುವುದು. ಪೆನ್ನು ಹಾಳಾಗುವುದು ಹೆಚ್ಚಾಗಿ ಹೊಟ್ಟೆಯಿಂದ. ಹೊಟ್ಟೆ ಕೆಟ್ಟರೆ ರಿಪೇರಿ ನೀವೇ ಮಾಡಬಲ್ಲಿರಾ, ಯಾರಾದರೂ ಮಾಡಿಕೊಡುತ್ತಾರಾ, ಇಲ್ಲಾ ಡಬ್ಬಿಯಲ್ಲಿ ಮಲಗಿಸಬೇಕಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಟೇಬಲ್‌ಗಳನ್ನು ದೂರದಿಂದಲೇ ನೋಡಿ ಮುಂದೆ ಹೋಗಬಹುದು.

ನಮ್ಮದೇ ಎಬೊನೈಟ್ ಪೆನ್ನು

ಮೇಷ್ಟ್ರ ಓಟು ಇದಕ್ಕೆ. ಹಳೇ ಕಾಲದ ದಪ್ಪ, ಕಪ್ಪು ಇಲ್ಲವೇ ಕಂದು ಗೆರೆಗಳ ಎಬೊನೈಟ್, ಅಂದರೆ ಗಟ್ಟಿ ರಬ್ಬರಿನ ಪೆನ್ನು. ಒಳಗೆ ರಬ್ಬರ್ ಕೊಳವೆ ಇಲ್ಲ, ಸ್ಪ್ರಿಂಗ್ ಇಲ್ಲ, ಏನೂ ಇಲ್ಲ. ಬ್ಯಾರೆಲ್, ಅಂದರೆ ಪೆನ್ನಿನ ಮೈ, ಬಿಚ್ಚಿ, ಇಂಕ್ ಫಿಲ್ಲರಿನಿಂದ ಇಂಕು ಹಾಕಿ, ತಿರುಗಿಸಿ ಮುಚ್ಚುವುದು ಅಷ್ಟೇ. ರಾಜಮಂಡ್ರಿಯ ರತ್ನಂ ಪೆನ್ನಿನ ಕಥೆ ನಿಮಗೂ ಗೊತ್ತಿರುತ್ತದೆ. ಗಾಂಧೀಜಿಯ ಸ್ವದೇಶಿ ಮಾತಿನಿಂದ ಹುಟ್ಟಿ 1932ರಿಂದ ಕೈಯಲ್ಲೇ ತಯಾರಾಗುತ್ತಾ ಬಂದ ಪೆನ್ನು ಅದು. ಮುಂಬೈಯ ವಿಲ್ಸನ್ ಕೂಡ ಹಳಬರ ಬಾಯಲ್ಲಿ ಇನ್ನೂ ಇದೆ. ಶೋನಲ್ಲಿ ಇಂಥ ಪೆನ್ನುಗಳ ಟೇಬಲ್ಲು ಸಾಮಾನ್ಯವಾಗಿ ಒಂದು ಮೂಲೆಯಲ್ಲಿರುತ್ತದೆ, ಜನ ಕಡಿಮೆ, ಬೆಲೆಯೂ ಕಡಿಮೆ.

ಇದರ ಒಳ್ಳೆಯದು: ಕೆಡಲು ಭಾಗಗಳೇ ಇಲ್ಲ. ಚೂಡಿಗೆ, ಅಂದರೆ ತಿರುಗಿಸುವ ಜಾಗದ ಸುರುಳಿ ಗೆರೆಗಳಿಗೆ, ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿದರೆ ಸೋರುವುದಿಲ್ಲ. ಒಮ್ಮೆ ತುಂಬಿಸಿದರೆ ಎರಡು ಮೂರು ಎಂಎಲ್ ಇಂಕು, ಡೈರಿ ಬರೆಯುವವರಿಗೆ ವಾರಗಟ್ಟಲೆ ಸಾಕು. ಕೆಟ್ಟದ್ದು: ಇಂಕು ಮುಕ್ಕಾಲು ಖಾಲಿಯಾದ ಮೇಲೆ ಕೈಯ ಶಾಖಕ್ಕೆ ಒಳಗಿನ ಗಾಳಿ ಹಿಗ್ಗಿ, ನಿಬ್ಬಿನಿಂದ ಒಂದು ದಪ್ಪ ಹನಿ ಟಪ್ ಅಂತ ಹಾಳೆಯ ಮೇಲೆ ಬೀಳುತ್ತದೆ. ಶಾಲೆಯಲ್ಲಿ ಇಂಥ ಹನಿಯನ್ನು ಚಾಕ್‌ಪೀಸಿನಿಂದ ಹೀರಿಸಿದ್ದೇವೆ, ಪಕ್ಕದವನ ಪೆನ್ನು ಖಾಲಿಯಾದರೆ ಡೆಸ್ಕಿನ ಮೇಲೆ ಒಂದು ಹನಿ ಉದುರಿಸಿ ಸಾಲ ಕೊಟ್ಟಿದ್ದೇವೆ, ಅಲ್ವಾ. ಆ ವಯಸ್ಸಿಗೆ ಅದು ಚೆಂದ, ಆಫೀಸಿನ ಬಿಳಿ ಶರ್ಟಿಗೆ ಅಷ್ಟೊಂದು ಚೆಂದವಲ್ಲ. ವಿಮಾನದಲ್ಲಿ ಒಯ್ಯುವುದಾದರೆ ಪೂರ್ತಿ ತುಂಬಿಸಿ ಇಲ್ಲವೇ ಪೂರ್ತಿ ಖಾಲಿ ಮಾಡಿ, ಅರ್ಧಂಬರ್ಧ ಬೇಡವೇ ಬೇಡ.

ಎಬೊನೈಟ್ ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬೆರಳಲ್ಲಿ ಉಜ್ಜಿ ಮೂಸಿದರೆ ಗಂಧಕದ ವಾಸನೆ ಬರುತ್ತದೆ. ವರ್ಷಗಟ್ಟಲೆ ಬೆಳಕಿಗೆ ಬಿದ್ದರೆ ಕಪ್ಪು ಹೋಗಿ ಹಸಿರುಗಂದು ಆಗುತ್ತದೆ. ಅದು ರೋಗವೇನಲ್ಲ, ಬಣ್ಣ ಮಾಸಿದ್ದು ಅಷ್ಟೇ, ಬೆಲೆ ಇಳಿಸಲು ಒಳ್ಳೆಯ ಕಾರಣ. ಮನೆಗೆ ತಂದು ನೀರಿನಲ್ಲಿ ನೆನೆಹಾಕಬೇಡಿ, ಇನ್ನೂ ಕಂದಾಗುತ್ತದೆ.

ರಬ್ಬರ್ ಕೊಳವೆಯ ಪೆನ್ನುಗಳು

ಇವುಗಳ ಬ್ಯಾರೆಲ್ ಪಕ್ಕದಲ್ಲಿ ಒಂದು ಪುಟ್ಟ ಕಡ್ಡಿ, ಅಂದರೆ ಲಿವರ್ ಇರುತ್ತದೆ. ಅದನ್ನು ಎತ್ತಿದರೆ ಒಳಗಿನ ರಬ್ಬರ್ ಕೊಳವೆ, ಅಂದರೆ ಸ್ಯಾಕ್, ಅಮುಕಿಕೊಳ್ಳುತ್ತದೆ, ಬಿಟ್ಟರೆ ಇಂಕು ಹೀರುತ್ತದೆ. ಅಮೆರಿಕದ ಶೇಫರ್ ಕಂಪನಿ ಇದನ್ನು ಮನೆಮಾತು ಮಾಡಿತು. ಎಸ್ಟರ್‌ಬ್ರೂಕ್ ಜೆ ಪೆನ್ನು ಕೂಡ ಇದೇ ಜಾತಿ.

ರಬ್ಬರ್ ಸ್ಯಾಕ್ ಎಷ್ಟೇ ಒಳ್ಳೆಯದಿದ್ದರೂ ಒಂದು ದಿನ ಒಣಗಿ ಗಟ್ಟಿಯಾಗುತ್ತದೆ ಇಲ್ಲವೇ ಅಂಟಂಟಾಗಿ ಕರಗುತ್ತದೆ. ಪೆನ್ನನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಳಗೆ ಚೂರುಗಳು ಗಲಗಲ ಅಂದರೆ ಸ್ಯಾಕ್ ಸತ್ತಿದೆ ಅಂತಲೇ. ಹಾಗಿದ್ದಾಗ ಲಿವರ್ ಎಳೆಯಲೇಬೇಡಿ, ಗಟ್ಟಿಯಾದ ಸ್ಯಾಕಿಗೆ ಸಿಕ್ಕಿ ಲಿವರ್ ಮುರಿಯುತ್ತದೆ, ಆಮೇಲೆ ಪೆನ್ನು ನಿಮ್ಮದೇ. ಸಂತೋಷದ ವಿಷಯ ಏನೆಂದರೆ ಈ ರಿಪೇರಿ ಕಲಿಯುವುದು ಸುಲಭ. ಹೊಸ ಸ್ಯಾಕ್, ಸ್ವಲ್ಪ ಶೆಲಾಕ್ ಅಂದರೆ ನಮ್ಮ ಮರಗೆಲಸದವರು ಬಳಸುವ ಅರಗಿನ ಪಾಲಿಶ್, ಹೇರ್ ಡ್ರೈಯರಿನ ಹದವಾದ ಬಿಸಿ, ತಾಳ್ಮೆ. ನನ್ನ ಮೊದಲ ರಿಪೇರಿಗೆ ಇಡೀ ಭಾನುವಾರ ಹಿಡಿಯಿತು, ಈಗ ಕಾಫಿ ಆರುವಷ್ಟರಲ್ಲಿ ಮುಗಿಯುತ್ತದೆ. ಆದರೆ ಸೆಲ್ಯುಲಾಯ್ಡ್ ಬಿಸಿಗೆ ಬೇಗ ಬೆಂಕಿ ಹಿಡಿಯುವ ವಸ್ತು, ಗ್ಯಾಸ್ ಒಲೆ ಹತ್ತಿರ ಒಯ್ಯುವ ಸಾಹಸ ಬೇಡ.

ತಿಳಿ ಬಣ್ಣದ ಸೆಲ್ಯುಲಾಯ್ಡ್ ಪೆನ್ನು ನೋಡುವಾಗ ಬ್ಯಾರೆಲ್ ಮತ್ತು ಕ್ಯಾಪ್ ಎರಡನ್ನೂ ಪಕ್ಕಪಕ್ಕ ಇಟ್ಟು ಬೆಳಕಿಗೆ ಹಿಡಿಯಿರಿ. ಕ್ಯಾಪ್ ಮುತ್ತಿನಂತೆ ಇದ್ದು ಬ್ಯಾರೆಲ್ ಮಾತ್ರ ಚಹಾ ಬಣ್ಣಕ್ಕೆ ತಿರುಗಿದ್ದರೆ, ಒಳಗಿನ ರಬ್ಬರಿನಿಂದ ಹೊರಡುವ ಗಂಧಕದ ಗಾಳಿ ಅದನ್ನು ಸುಟ್ಟಿದೆ. ಅದು ಯಾವ ಪಾಲಿಶಿಗೂ ಹೋಗುವುದಿಲ್ಲ.

ಎಸ್ಟರ್‌ಬ್ರೂಕಿನಲ್ಲಿ ನನಗೆ ಬಹಳ ಇಷ್ಟವಾದದ್ದು ಅದರ ನಿಬ್ಬು. ತಿರುಗಿಸಿ ಬಿಚ್ಚಿ ಬೇರೆ ಹಾಕಬಹುದು. 9556 ಅಂದರೆ ಸಣ್ಣ, 9668 ಅಂದರೆ ಮಧ್ಯಮ. ಚಿನ್ನದ ನಿಬ್ಬಲ್ಲ, ಉಕ್ಕು. ಸಂಗ್ರಹಕಾರರಲ್ಲಿ ಕೆಲವರು ಇದಕ್ಕೆ ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ, ಅದರಿಂದಲೇ ನಮಗೆ ಕಡಿಮೆಗೆ ಸಿಗುತ್ತದೆ.

ಪಾರ್ಕರ್ 51: ಹೆಸರು ಒಂದೇ, ಹೊಟ್ಟೆ ಎರಡು

ಇಲ್ಲಿ ಸ್ವಲ್ಪ ನಿಲ್ಲೋಣ. ಶೋನಲ್ಲಿ ಯಾವ ಟೇಬಲ್ಲಿಗೆ ಹೋದರೂ ಇದು ಇದ್ದೇ ಇರುತ್ತದೆ, ಮೋಸ ಹೋಗುವವರೂ ಹೆಚ್ಚಾಗಿ ಇಲ್ಲೇ.

51 ಮಾರುಕಟ್ಟೆಗೆ ಬಂದದ್ದು 1941ರಲ್ಲಿ. ನಿಬ್ಬಿನ ಮೇಲೆ ಮುಸುಕು, ತುದಿ ಮಾತ್ರ ಹೊರಗೆ. ಮುಸುಕು ಇರುವುದರಿಂದ ಇಂಕು ಬೇಗ ಒಣಗುವುದಿಲ್ಲ, ಯೋಚಿಸುತ್ತಾ ಕ್ಯಾಪ್ ತೆಗೆದು ಕೂತರೂ ಮತ್ತೆ ಬರೆಯುತ್ತದೆ. ನಮ್ಮ ಮನೆಗಳಲ್ಲಿ ಅಪ್ಪನೋ ದೊಡ್ಡಪ್ಪನೋ ಇಟ್ಟುಕೊಂಡಿದ್ದ ಹೀರೋ ಪೆನ್ನು ನೆನಪಿದೆಯಲ್ಲ, ಅದರ ಮುಖ ಇದರದೇ ನಕಲು.

ಈಗ ಹೊಟ್ಟೆಗೆ ಬರೋಣ. ಮೊದಲ ವರ್ಷಗಳ 51ಕ್ಕೆ ವ್ಯಾಕ್ಯುಮ್ಯಾಟಿಕ್ ಎಂಬ ವ್ಯವಸ್ಥೆ. ಹಿಂದಿನ ಪುಟ್ಟ ಮುಚ್ಚಳ ಬಿಚ್ಚಿ, ಒಳಗಿನ ಕಡ್ಡಿಯನ್ನು ಹತ್ತಾರು ಸಲ ಒತ್ತಬೇಕು. ಒಳಗೊಂದು ರಬ್ಬರ್ ಪೊರೆ ಇರುತ್ತದೆ, ಅದು ಬದಲಾಯಿಸಲೇಬೇಕಾದ ವಸ್ತು, ಬದಲಾಯಿಸಲು ಬೇರೆಯೇ ಸಾಧನ ಬೇಕು, ಮನೆಯ ಇಕ್ಕಳದಲ್ಲಿ ಕೈ ಹಾಕಿದರೆ ಮುಗೀತು. 1948ರಿಂದ ಬಂದದ್ದು ಏರೋಮೆಟ್ರಿಕ್. ಬ್ಯಾರೆಲ್ ಬಿಚ್ಚಿದರೆ ಒಂದು ಲೋಹದ ಕವಚ, ಅದರಲ್ಲೊಂದು ಪಟ್ಟಿ. ಐದಾರು ಸಲ ಒತ್ತಿದರೆ ತುಂಬುತ್ತದೆ, ಹೇಗೆ ಒತ್ತಬೇಕು ಎಂದು ಅದರ ಮೇಲೇ ಕೊರೆದಿರುತ್ತಾರೆ. ಅದರ ಸ್ಯಾಕು ರಬ್ಬರಿನದಲ್ಲ, ಪಾರದರ್ಶಕ ಪ್ಲಾಸ್ಟಿಕ್ಕಿನದು. ಎಪ್ಪತ್ತು ವರ್ಷ ಆದ ಮೇಲೂ ಬಹಳಷ್ಟು ಪೆನ್ನುಗಳಲ್ಲಿ ಅದೇ ಹಳೇ ಸ್ಯಾಕು ಇನ್ನೂ ಕೆಲಸ ಮಾಡುತ್ತಿದೆ. ಬರೀ ತಣ್ಣೀರಿನಲ್ಲಿ ತೊಳೆದು ಇಂಕು ಹಾಕಿದರೆ ಬರೆಯಲು ಶುರು.

ಮುಚ್ಚಿದ ಪೆನ್ನನ್ನು ನೋಡಿಯೇ ಎರಡನ್ನೂ ಗುರುತಿಸಬಹುದು. ಬ್ಯಾರೆಲಿನ ಹಿಂಭಾಗದಲ್ಲಿ ಸುತ್ತಲೂ ಕೂದಲೆಳೆಯಷ್ಟು ಗೆರೆ, ಅಂದರೆ ಬಿಚ್ಚುವ ಮುಚ್ಚಳ ಕಂಡರೆ ವ್ಯಾಕ್ಯುಮ್ಯಾಟಿಕ್. ಬ್ಯಾರೆಲ್ ಒಂದೇ ತುಂಡಾಗಿ ತುದಿವರೆಗೆ ನಯವಾಗಿದ್ದರೆ ಏರೋಮೆಟ್ರಿಕ್. ಇನ್ನೊಂದು ವಿಷಯ: ಈಚೆಗೆ ಪಾರ್ಕರ್ ಕಂಪನಿಯೇ 51 ಹೆಸರಲ್ಲಿ ಹೊಸ ಪೆನ್ನು ತಂದಿದೆ. ಅದರ ಕ್ಯಾಪ್ ತಿರುಗಿಸಿ ಮುಚ್ಚುವಂಥದ್ದು. ಹಳೆಯದರ ಕ್ಯಾಪ್ ಸುಮ್ನೆ ಒತ್ತಿದರೆ ಜಾರಿ ಕೂರುತ್ತದೆ. 51 ಅಂದುಕೊಂಡು 21 ತಂದವರೂ ಇದ್ದಾರೆ. 21 ಅದರ ಅಗ್ಗದ ತಮ್ಮ. ಉಕ್ಕಿನ ನಿಬ್ಬು, ಮುಸುಕಿನ ಪ್ಲಾಸ್ಟಿಕ್ಕು ಬಿರುಕು ಬಿಡುವುದಕ್ಕೆ ಹೆಸರುವಾಸಿ.

ನನ್ನ ಕಥೆ ಕೇಳಿ. ಕೆಲವು ವರ್ಷಗಳ ಹಿಂದೆ ಒಂದು ಶೋನಲ್ಲಿ "ಫುಲ್ ರಿಪೇರಿ ಆಗಿದೆ ಸಾರ್" ಎಂಬ ಮಾತು ನಂಬಿ ವ್ಯಾಕ್ಯುಮ್ಯಾಟಿಕ್ 51 ತಂದೆ. ಬಣ್ಣಕ್ಕೆ ಮರುಳಾದದ್ದು, ಬೇರೆ ಏನೂ ಇಲ್ಲ. ನೀರು ತುಂಬಿಸಿ ತೋರಿಸಿ ಅಂತ ಕೇಳಲು ಸಂಕೋಚ. ಮೂರನೆಯ ದಿನ ಮೆಟ್ರೋದಲ್ಲಿ ಎದುರು ಕೂತವರು ನನ್ನ ಎದೆಯನ್ನೇ ನೋಡುತ್ತಿದ್ದಾರೆ ಯಾಕೆ ಅಂತ ಕೆಳಗೆ ನೋಡಿದರೆ ಜೇಬಿನ ಕೆಳಗೆ ಕರ್ನಾಟಕದ ನಕ್ಷೆಯಂಥ ನೀಲಿ ಕಲೆ. ಹೆಂಡತಿ ಆ ಶರ್ಟನ್ನು ಈಗಲೂ ಸ್ಕೂಟರ್ ಒರೆಸಲು ಬಳಸುತ್ತಾಳೆ, ನನಗೆ ಕಾಣುವ ಹಾಗೆ ಒಣಗಿಸುತ್ತಾಳೆ.

ಹಾಗಾಗಿ ದಿನಬಳಕೆಗೆ ಒಂದೇ ಪೆನ್ನು ಬೇಕು ಅನ್ನುವವರಿಗೆ ಏರೋಮೆಟ್ರಿಕ್. ಚೆಂದದ ಪಟ್ಟೆಗಳಿರುವ ಹಳೇ ಪಾರ್ಕರ್ ವ್ಯಾಕ್ಯುಮ್ಯಾಟಿಕ್‌ಗಳು, ಅಂದರೆ 1930ರ ದಶಕದವು, ಕಣ್ಣಿಗೆ ಹಬ್ಬ. ಅದು ಎರಡನೆಯ ಪೆನ್ನು, ಮೂರನೆಯದು. ಮೊದಲನೆಯದಲ್ಲ.

ಸ್ನಾರ್ಕೆಲ್, ಪೆಲಿಕಾನ್

ನಮ್ಮ ಗುಂಪಿನ ಬ್ಯಾಂಕಿನ ಸಾರ್ 1952ರ ಶೇಫರ್ ಸ್ನಾರ್ಕೆಲ್ ಅಭಿಮಾನಿ. ಹಿಂದೆ ತಿರುಗಿಸಿದರೆ ನಿಬ್ಬಿನ ಕೆಳಗಿಂದ ಸೊಳ್ಳೆಯ ಸೊಂಡಿಲಿನಂಥ ಸಣ್ಣ ಕೊಳವೆ ಹೊರಗೆ ಬರುತ್ತದೆ, ಅದನ್ನು ಮಾತ್ರ ಇಂಕಿಗೆ ಅದ್ದಿದರೆ ಸಾಕು, ನಿಬ್ಬಿಗೆ ಕೊಳೆಯಾಗುವುದಿಲ್ಲ. ನೋಡಲು ಮಜಾ. ಒಳಗೆ ಸ್ಯಾಕು, ಸ್ಪ್ರಿಂಗು, ರಬ್ಬರ್ ಉಂಗುರ ಅಂತ ಎಷ್ಟು ಭಾಗಗಳಿವೆಯೋ ಅಷ್ಟೂ ಕೈಕೊಡುವ ಜಾಗಗಳು. ಸಾರ್ ಅವರೇ ಅದನ್ನು ಬರೆಯುವುದಕ್ಕಿಂತ ತೋರಿಸುವುದೇ ಜಾಸ್ತಿ.

1950ರ ಪೆಲಿಕಾನ್ 400 ಬೇರೆ ಮಾತು. ಹಿಂದಿನ ಗುಂಡಿ ತಿರುಗಿಸಿದರೆ ಪಿಸ್ಟನ್ ಮೇಲೆ ಕೆಳಗೆ. ಹಸಿರು ಪಟ್ಟೆಗಳ ಸಂದಿಯಲ್ಲಿ ಇಂಕು ಎಷ್ಟಿದೆ ಕಾಣುತ್ತದೆ. ನಿಬ್ಬು ತಿರುಗಿಸಿ ತೆಗೆಯಬಹುದು. ಗುಂಡಿ ಬಿಗಿಯಾಗಿದ್ದರೆ ಬಲವಂತ ಮಾಡಬೇಡಿ, ಅಷ್ಟೇ. ಒಳ್ಳೆಯ ಸ್ಥಿತಿಯದು ನಮ್ಮ ಹುಡುಗಿಯ ಎಂಟು ಸಾವಿರಕ್ಕೆ ಸಿಗಲಿಲ್ಲ, ಅದಕ್ಕೇ ಇಲ್ಲಿಗೇ ಬಿಡುತ್ತೇನೆ.

ರಿಪೇರಿ ಆದದ್ದೋ, ಇದ್ದ ಹಾಗೆಯೋ

ಶೋನಲ್ಲಿ ಒಂದೇ ಪೆನ್ನು ಎರಡು ಟೇಬಲ್ಲಿನಲ್ಲಿ ಎರಡು ಬೆಲೆಗೆ ಇರುತ್ತದೆ. ಒಂದು ರಿಪೇರಿ ಮಾಡಿ ಇಟ್ಟದ್ದು, ಇನ್ನೊಂದು ಸಿಕ್ಕಿದ ಹಾಗೇ. ಈ ವ್ಯತ್ಯಾಸದ ದುಡ್ಡು ಉಳಿಸಿದೆ ಅಂತ ಖುಷಿಪಡುವ ಮೊದಲು ಸ್ಯಾಕು, ಓಡಾಟ, ಕೊರಿಯರ್ ಎಲ್ಲಾ ಲೆಕ್ಕ ಹಾಕಿ. ಕೈಗೆಲಸ ಕಲಿಯುವ ಆಸೆ ಇದ್ದರೆ ಇದ್ದ ಹಾಗಿನದನ್ನು ತಗೊಳ್ಳಿ, ಅದೂ ಲಿವರ್ ಪೆನ್ನನ್ನು. ನಾಳೆಯೇ ಬರೆಯಬೇಕು ಅನ್ನುವವರು ರಿಪೇರಿ ಆದದ್ದನ್ನು, ಕಣ್ಣೆದುರು ನೀರು ತುಂಬಿಸಿ ತೋರಿಸಿದ ಮೇಲೆ ಮಾತ್ರ. ಕೇಳಲು ನಾಚಿಕೆ ಬೇಡ. ನನ್ನ ಶರ್ಟು ನೆನಪಿರಲಿ.

ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯಲ್ಲಿ ಇನ್ನೂ ಅಗ್ಗಕ್ಕೆ ಸಿಗುವುದಿಲ್ಲವಾ ಅಂತ ಕೇಳುತ್ತಾರೆ. ಸಿಗುತ್ತದೆ, ಸಿಕ್ಕಾಗ. ನಸುಕಿನಲ್ಲೇ ಎದ್ದು ಹೋಗಿ ಹತ್ತು ಭಾನುವಾರ ಬರಿಗೈಲಿ ಬಂದವರಿಗೆ ಗೊತ್ತು. ಅಲ್ಲಿ ಪೆನ್ನು ಹುಡುಕುವ ಖುಷಿ ಇದೆ, ಶೋನಲ್ಲಿ ಒಂದೇ ಜಾತಿಯ ಹತ್ತು ಪೆನ್ನು ಪಕ್ಕಪಕ್ಕ ಹಿಡಿದು ನೋಡುವ ಅವಕಾಶ ಇದೆ. ಮೊದಲ ಪೆನ್ನಿಗೆ ಶೋ ವಾಸಿ.

ಜೊತೆಗೆ ಹೋಗುವವರ ಉಪಯೋಗವೂ ಇಲ್ಲೇ. ಒಬ್ಬರ ಹತ್ತಿರ ವಾಚ್ ರಿಪೇರಿಯವರ ಭೂತಗನ್ನಡಿ ಇರಲಿ, ಒಬ್ಬರ ಹತ್ತಿರ ನೀರು ಮತ್ತು ಟಿಶ್ಯೂ, ಒಬ್ಬರು ಸುಮ್ನೆ "ಬೇಡ" ಅನ್ನಲು. ಕ್ಯಾಪಿನ ಬಾಯಿಯ ಅಂಚಿನಲ್ಲಿ ಸಣ್ಣ ಬಿರುಕು ಇದೆಯಾ, ನಿಬ್ಬಿನ ಎರಡು ಕಾಲುಗಳು ಸಮವಾಗಿವೆಯಾ, ತುದಿಯ ಗಟ್ಟಿ ಲೋಹದ ಉಂಡೆ ಸವೆದು ಚಪ್ಪಟೆ ಆಗಿದೆಯಾ, ಭೂತಗನ್ನಡಿಯಲ್ಲಿ ನೋಡಿ. ತುದಿ ಪೂರ್ತಿ ಹೋಗಿದ್ದರೆ ಚಿನ್ನದ ನಿಬ್ಬಾದರೂ ಬೇಡ. ಇನ್ನು ಕೆಲವು ಪೆನ್ನುಗಳಿಗೆ ಕ್ಯಾಪ್ ಒಂದರದ್ದು, ಬ್ಯಾರೆಲ್ ಇನ್ನೊಂದರದ್ದು, ನಿಬ್ಬು ಮೂರನೆಯದರದ್ದು. ನಮ್ಮ ಗುಂಪಿನಲ್ಲಿ ಇವಕ್ಕೆ ಗಣಪತಿ ಪೆನ್ನು ಅಂತ ಹೆಸರು. ತಲೆ ಬೇರೆ ಕಡೆಯಿಂದ ಬಂದಿದ್ದರೂ ಬರವಣಿಗೆಗೆ ತೊಂದರೆ ಇಲ್ಲ, ಬರವಣಿಗೆಗೆ ಗಣಪತಿಯೇ ಅಲ್ವಾ ದೇವರು. ಬೆಲೆ ಮಾತ್ರ ಅಸಲಿಯದ್ದು ಕೊಡಬೇಡಿ.

ಕನ್ನಡಕ್ಕೆ ಯಾವ ನಿಬ್ಬು

ಇಂಗ್ಲಿಷಿನಲ್ಲಿ ಬರೆಯುವವರ ಸಲಹೆ ನಮಗೆ ಪೂರ್ತಿ ಒಗ್ಗುವುದಿಲ್ಲ. ಅವರಿಗೆ ಒತ್ತಿದರೆ ಅರಳುವ ಫ್ಲೆಕ್ಸ್ ನಿಬ್ಬು ಅಂದರೆ ಪ್ರಾಣ, ಕೆಳಗೆ ಎಳೆಯುವ ಗೆರೆ ದಪ್ಪ, ಮೇಲೆ ಹೋಗುವುದು ತೆಳು. ನಮ್ಮ ಅಕ್ಷರ ಸುತ್ತುತ್ತಲೇ ಇರುತ್ತದೆ. ಮೇಲಕ್ಕೂ ಎಡಕ್ಕೂ ನಿಬ್ಬನ್ನು ತಳ್ಳುವ ಕೆಲಸ ಜಾಸ್ತಿ. ಚೂಪು ಅಂಚಿನ ಇಟಾಲಿಕ್ ನಿಬ್ಬು ಹಾಗೆ ತಳ್ಳುವಾಗ ಕಾಗದಕ್ಕೆ ಸಿಕ್ಕಿಕೊಳ್ಳುತ್ತದೆ. ಫ್ಲೆಕ್ಸಿನಲ್ಲಿ ಒತ್ತಕ್ಷರ ಬರೆಯಲು ಹೋದರೆ ಕೆಳಗೆ ಕೆಸರು. ದಪ್ಪ ನಿಬ್ಬಿನಲ್ಲಿ ಥ ಅಕ್ಷರದ ಹೊಟ್ಟೆಯೊಳಗಿನ ಚುಕ್ಕೆ ಮುಚ್ಚಿಹೋಗುತ್ತದೆ. ದುಂಡು ತುದಿಯ ಸಣ್ಣ ನಿಬ್ಬು, ಇಲ್ಲವೇ ಸಣ್ಣದರ ಕಡೆಗೇ ಇರುವ ಮಧ್ಯಮ, ಇದು ನಮಗೆ ಸರಿ. ದೊಡ್ಡ ಅಕ್ಷರ ಬರೆಯುವವರಿಗೆ ಮಾತ್ರ ದಪ್ಪದು ಚೆನ್ನ.

51ರಲ್ಲಿ ನಿಬ್ಬಿನ ಅಳತೆ ಹೊರಗೆ ಕಾಣುವುದಿಲ್ಲ. ಬರೆದೇ ನೋಡಬೇಕು. "ಅದ್ದಿ ನೋಡಬಹುದಾ?" ಅಂತ ಮೊದಲು ಕೇಳಿ. ಎಲ್ಲರೂ ಟೇಬಲ್ಲಿನ ಮೇಲಿಟ್ಟ ನುಣುಪು ಕಾಗದದಲ್ಲಿ ಸಹಿ ಹಾಕಿ ಸುಂಯ್ ಅಂತ ಸಂತೋಷಪಡುತ್ತಾರೆ. ನೀವು ನಿಮ್ಮದೇ ನೋಟ್‌ಬುಕ್ ಒಯ್ಯಿರಿ, ಮನೆಯಲ್ಲಿ ಬರೆಯುವ ಅಳತೆಯಲ್ಲೇ ಅರ್ಥ, ಅರ್ಧ, ರಾಷ್ಟ್ರ, ಸ್ವಾತಂತ್ರ್ಯ ಅಂತ ಬರೆಯಿರಿ. ಅರ್ಥಕ್ಕೂ ಅರ್ಧಕ್ಕೂ ವ್ಯತ್ಯಾಸ ಕಂಡರೆ ನಿಬ್ಬು ಪಾಸು. ಈ ಪರೀಕ್ಷೆ ಮೇಷ್ಟ್ರದು, ನನ್ನದಲ್ಲ.

ಇಂಕಿನ ಬಗ್ಗೆ ಎರಡೇ ಮಾತು. ಹಳೇ ಪೆನ್ನಿಗೆ ಕ್ಯಾಮ್ಲಿನ್ ರಾಯಲ್ ಬ್ಲೂನಂಥ ನೀರಿಗೆ ತೊಳೆದುಹೋಗುವ ಸಾದಾ ಇಂಕು ಸಾಕು. ನಮ್ಮ ಬೆಂಗಳೂರಿನದೇ ಚೆಲ್‌ಪಾರ್ಕ್ ಹಳೇ ಬಾಟಲಿ ಯಾರಾದರೂ ಮಾರುತ್ತಿದ್ದರೆ ನೆನಪಿಗೆ ತಗೊಳ್ಳಿ, ತಳದಲ್ಲಿ ಗಸಿ ಕಂಡರೆ ಪೆನ್ನಿಗೆ ಹಾಕಬೇಡಿ. ಡ್ರಾಯಿಂಗ್ ಇಂಕು ಅಂತೂ ಹತ್ತಿರ ಕೂಡ ತರಬೇಡಿ, ಒಳಗೇ ಒಣಗಿ ಕೂತುಬಿಡುತ್ತದೆ.

ಯಾವ ಹೊತ್ತಿಗೆ ಹೋಗಬೇಕು? ಅಪರೂಪದ್ದು ಬೇಕಾದವರು ಬಾಗಿಲು ತೆಗೆದ ಕೂಡಲೇ. ಚೌಕಾಸಿ ಬೇಕಾದವರು ಕೊನೆಯ ಗಂಟೆಗೆ, ಮಾರುವವರು ಡಬ್ಬಿ ಕಟ್ಟಲು ಶುರು ಮಾಡುವಾಗ. ನಾವು ಎರಡೂ ಮಾಡುತ್ತೇವೆ. ಬೆಳಿಗ್ಗೆ ನೋಡಿ ಗುರುತು ಹಾಕಿಕೊಂಡು, ಮಧ್ಯಾಹ್ನ ಊಟಕ್ಕೆ ಹೊರಗೆ ಹೋಗಿ, ಬಿಸಿ ಆರಿದ ಮೇಲೆ ಮತ್ತೆ ಬರುವುದು. ಊಟದ ನಂತರವೂ ಆ ಪೆನ್ನೇ ನೆನಪಿದ್ದರೆ ಸರಿ. ನಡುವೆ ಬೇರೆ ಯಾರೋ ಕೊಂಡುಬಿಟ್ಟರೆ ಅದೂ ಸರಿ, 51ನ್ನು ಕೋಟಿಗಟ್ಟಲೆ ಮಾಡಿದ್ದಾರೆ, ಇನ್ನೊಂದು ಸಿಗುತ್ತದೆ.

ನನ್ನ ತಂಗಿಯ ಮಗಳು ಮಧ್ಯಾಹ್ನ ಮೂರೂವರೆಗೆ ವಾಪಸ್ ಹೋಗಿ ಒಂದು ಏರೋಮೆಟ್ರಿಕ್ 51 ಹಿಡಿದಳು. ಕಡು ಕೆಂಪು ಬಣ್ಣ, ಸಣ್ಣ ನಿಬ್ಬು, ಅರ್ಥ ಅರ್ಧ ಎರಡೂ ಪಾಸು. ಬ್ಯಾರೆಲಿನ ಮೇಲೆ ಯಾರದೋ ಹೆಸರು ಕೊರೆದಿತ್ತು, ಕೊನೆಯ ಎರಡು ಅಕ್ಷರ ಸವೆದುಹೋಗಿದ್ದವು. ಸಂಗ್ರಹಕಾರರಿಗೆ ಹೆಸರು ಕೊರೆದ ಪೆನ್ನು ಅಷ್ಟಾಗಿ ಬೇಡ, ಬೆಲೆ ಇಳಿಯುತ್ತದೆ. ಅವಳು ಅದನ್ನೇ ಹಿಡಿದು ಚೌಕಾಸಿ ಮಾಡಿ ಏಳು ಸಾವಿರಕ್ಕೆ ಇಳಿಸಿದಳು. ಉಳಿದ ಸಾವಿರಕ್ಕೆ ಮೂಲೆಯ ಟೇಬಲ್ಲಿನಿಂದ ಒಂದು ಎಬೊನೈಟ್ ಪೆನ್ನೂ ಬಂತು, ಅದು ಮೇಷ್ಟ್ರ ಕುಮ್ಮಕ್ಕು.

"ಒಂದೇ ಪೆನ್ನು ಅಂದಿದ್ಯಲ್ಲಮ್ಮಾ," ಅಂದೆ.

"ಇದು ಪೆನ್ನಲ್ಲ ಮಾವ, ರಿಯಾಯಿತಿ," ಅಂದಳು. ಬ್ಯಾಂಕಿನ ಸಾರ್ ಮಾತ್ರ ಸ್ನಾರ್ಕೆಲ್ ಕೈಯಲ್ಲಿ ಹಿಡಿದುಕೊಂಡು, ಸೊಂಡಿಲು ಹೊರಗೆ ಒಳಗೆ ಮಾಡುತ್ತಾ, ಮೆಟ್ರೋ ಸ್ಟೇಷನ್ನಿನವರೆಗೂ ವಾದ ಮಾಡುತ್ತಲೇ ಬಂದರು.